ಗುರುವಾರದ ಗೈರುಹಾಜರಿ

ಹಿನಾಲಾಂಗ್ ಶಾಲೆ
17 ಜೂನ್ 1996

ಪ್ರೀತಿಯ ಎಸ್ತೆಲಾ,

ಶಾಲೆ ಶುರುವಾಗಿ ಒಂದು ವಾರವಾಯಿತು. ಈ ವರ್ಷ ನಲವತ್ತಮೂರು ಮಕ್ಕಳು, ಆರು ತರಗತಿ, ಕಲಿಸುವವರು ಇಬ್ಬರೇ. ಪುಗೊಂಗ್ ಸರ್‌ಗೆ ಒಂದರಿಂದ ಮೂರು, ನನಗೆ ನಾಲ್ಕರಿಂದ ಆರು. ನಡುವೆ ಪ್ಲೈವುಡ್ ಗೋಡೆ. ಅವರು ಆ ಕಡೆ ಮಗ್ಗಿ ಹೇಳಿಸಿದರೆ ಈ ಕಡೆ ನನ್ನ ಆರನೆಯವರ ತುಟಿಗಳೂ ತಾವಾಗಿ ಆಡುತ್ತವೆ.

ಒಂದು ಸುದ್ದಿ ಇದೆ. ಮನಿಲಾದಿಂದ ಕ್ಲಾರಿಸಾ ಎಂಬ ಹುಡುಗಿ ಬಂದಿದ್ದಾಳೆ. ನಿನ್ನ ಹಾಗೆಯೇ ಗುಡ್ಡಗಾಡಿನ ಶಾಲೆಗಳ ಮೇಲೆ ಸಂಶೋಧನೆ. ವರ್ಷವಿಡೀ ಇಲ್ಲೇ ಇರುತ್ತಾಳಂತೆ, ನಮ್ಮ ಮನೆಯಲ್ಲಿ. ಬಂದ ದಿನವೇ ಗದ್ದೆಯ ಬದುವಿನ ಮೇಲೆ ನಡೆಯಲು ಹೋಗಿ ಸೊಂಟದವರೆಗೆ ಕೆಸರಿಗೆ ಬಿದ್ದಳು. ಪಕ್ಕದ ಮನೆಯ ಬುಗಾನ್ ಅಜ್ಜಿ ಅಡಿಕೆ ಜಗಿಯುತ್ತ ಮೇಲಿನ ಗದ್ದೆಯಲ್ಲಿ ನಿಂತಿದ್ದಳು. "ಏನವ್ವಾ, ಮನಿಲಾದಲ್ಲಿ ಕೆಸರಿಲ್ವಾ? ಬೀಳಕ್ಕೆ ಇಲ್ಲೀವರೆಗೂ ಬರ್ಬೇಕಿತ್ತಾ?" ಎಂದಳು. ಹುಡುಗಿ ಮುಖ ಒರೆಸಿಕೊಂಡು, "ಇದೆ ಅಜ್ಜಿ. ಆದ್ರೆ ಅಲ್ಲಿ ಬಿದ್ರೆ ಯಾರೂ ಮಾತಾಡ್ಸಲ್ಲ" ಎಂದಳು. ಅಷ್ಟಕ್ಕೇ ಅಜ್ಜಿ ಕರಗಿಹೋದಳು. ಈಗ ದಿನಾ ಬೆಳಗ್ಗೆ ಬೇಯಿಸಿದ ಗೆಣಸು ಬರುತ್ತದೆ, ನನಗಲ್ಲ, ಅವಳಿಗೆ.

ನಿನ್ನ ಡಾಕ್ಟರೇಟ್ ಎಲ್ಲಿಗೆ ಬಂತು? ಕಳೆದ ಪತ್ರದಲ್ಲೂ ಹೇಳಲಿಲ್ಲ, ಅದರ ಹಿಂದಿನದರಲ್ಲೂ ಹೇಳಲಿಲ್ಲ.

ನಿನ್ನ
ರುಫಿನಾ


ಬಾಗಿಯೋ
2 ಜುಲೈ 1996

ಪ್ರೀತಿಯ ಮನಾಂಗ್ ರುಫಿನಾ,

ಕಾಲೇಜಿನ ಹಾಸ್ಟೆಲಿನಲ್ಲಿ ಕರೆದಂತೆ ಇವತ್ತಿಗೂ ಮನಾಂಗ್ ಎಂದೇ ಬರೆಯುತ್ತಿದ್ದೇನೆ. ಮನಾಂಗ್ ಎನ್ನಲು ಒಡಹುಟ್ಟಿದ ಅಕ್ಕ ನನಗಿಲ್ಲ. ನನ್ನ ಜಾಗವನ್ನು ಯಾರಿಗಾದರೂ ಕೊಡುವ ಮುಂಚೆ ಇದು ನೆನಪಿರಲಿ.

ತಮಾಷೆ ಮಾಡಿದೆ. ಆದರೂ ಒಂದು ವರ್ಷ ಇದ್ದು ಆ ಹುಡುಗಿ ಮಾಡುವುದೇನು? ಆರು ವರ್ಷದ ಹಿಂದೆ ಆ ಕಣಿವೆಯ ಹದಿನಾಲ್ಕು ಶಾಲೆಗಳನ್ನು ನಾನು ಬೇಸಿಗೆ ರಜೆ ಬರುವ ಮುಂಚೆಯೇ ನೋಡಿ ಮುಗಿಸಿದೆ. ಮುನ್ನೂರ ಅರವತ್ತು ಮನೆಗಳ ಪ್ರಶ್ನಾವಳಿ, ಕೋಷ್ಟಕ, ಶೇಕಡಾವಾರು, ಎಲ್ಲ ಆಗಿದೆ. ಈಗ ಅಲ್ಲಿ ಹೊಸದಾಗಿ ಹುಡುಕಲು ಉಳಿದಿರುವುದು ಕೆಸರು ಮಾತ್ರ.

ಕೋಳಿ ಕೊಯ್ದು ಹಾಕಿದೆಯಾ ಅವಳಿಗೆ? ನಾನು ಬಂದಾಗ ಎರಡು ಸಲವೂ ಒಣಮೀನೇ ಸಿಕ್ಕಿತ್ತು.

ನಿನ್ನ ಹಾಜರಿ ಪುಸ್ತಕವನ್ನು ಅವಳಿಗೆ ತೋರಿಸಬೇಡ. ಬಾರದ ಮಕ್ಕಳ ಹೆಸರಿನ ಮುಂದೆ ನೀನು ಏನೇನೋ ಗೀಚಿಡುತ್ತೀಯಲ್ಲ, ಅದನ್ನು. ಇಂಥವರನ್ನು ನಾನು ಬಲ್ಲೆ, ಅಕ್ಕಾ. ಒಲೆಯ ಮುಂದೆ ಕೂತು ಮಗಳಂತೆ ಉಣ್ಣುತ್ತಾರೆ, ಊರಿಗೆ ಹೋಗಿ ತಮ್ಮ ಹೆಸರಲ್ಲಿ ಅಚ್ಚು ಹಾಕಿಸುತ್ತಾರೆ.

ಡಾಕ್ಟರೇಟ್ ನಡೆಯುತ್ತಿದೆ. ವಿಶ್ವವಿದ್ಯಾಲಯದಲ್ಲಿ ನನ್ನ ಬಡ್ತಿಯ ಕಡತ ಸಮಿತಿಯ ಮುಂದಿದೆ. ನನ್ನ ಹಳೆಯ ವರದಿಯನ್ನೇ ಅವರು ಮುಖ್ಯವಾಗಿ ಪರಿಗಣಿಸುತ್ತಾರಂತೆ.

ನಿನ್ನ ತಂಗಿ
ಎಸ್ತೆಲಾ


ಹಿನಾಲಾಂಗ್
25 ಆಗಸ್ಟ್ 1996

ಪ್ರೀತಿಯ ಎಸ್ತೆಲಾ,

ತಡವಾಯಿತು, ಕ್ಷಮಿಸು. ಮಳೆಗೆ ರಸ್ತೆ ಕುಸಿದು ಮೂರು ವಾರ ಜೀಪು ಮೇಲಕ್ಕೆ ಬರಲಿಲ್ಲ.

ಕೋಳಿ ಕೊಯ್ದಿಲ್ಲ. ಅವಳಿಗೂ ಒಣಮೀನೇ. ನಿನ್ನ ಸಮಾಧಾನಕ್ಕೆ ಹೇಳಿದೆ.

ಶಾಲೆಯಲ್ಲೊಂದು ಹೊಸ ಗಲಾಟೆ. ಗುರುವಾರ ಕೆಳಗಿನ ಪಟ್ಟಣದಲ್ಲಿ ಸಂತೆ ಅಲ್ಲವೇ? ತಾಯಂದಿರು ಬೆನ್ನ ಮೇಲೆ ಬೀನ್ಸ್ ಬುಟ್ಟಿ ಹೊತ್ತು ನಸುಕಿನಲ್ಲೇ ಇಳಿದರೆ ಹಾಲು ಕುಡಿಯುವ ಕೂಸನ್ನು ಜೊತೆಗೆ ಹೊರಲಾಗುವುದಿಲ್ಲ. ದೊಡ್ಡ ಮಗಳು ಶಾಲೆ ಬಿಟ್ಟು, ಮನೆಗೆ ಬಾಗಿಲು ಹಾಕಿ, ದಿನವಿಡೀ ಕೂಸನ್ನು ಹೊತ್ತು ತಿರುಗುತ್ತಾಳೆ. ಹೋದ ತಿಂಗಳು ಐದನೇ ತರಗತಿಯ ಮಾರ್ಸೆಲಾಗೆ ಹೇಳಿದೆ, "ಕೂಸಿನ ಸಮೇತ ಬಾ ಕಣೇ, ಶಾಲೆ ಏನು ಕಚ್ಚುತ್ತಾ?" ಬಂದಳು. ಮುಂದಿನ ಗುರುವಾರ ಇನ್ನು ಮೂವರು ಬಂದರು. ಈಗ ಕೋಣೆಯ ಹಿಂದುಗಡೆ ಎರಡು ಚಾಪೆ ಹಾಸಿದ್ದೇನೆ. ಭಿನ್ನರಾಶಿ ಹೇಳಿಕೊಡುವಾಗ ಒಂದು ಕೂಸು ಅಳುತ್ತದೆ, ಇನ್ನೊಂದು ಅದನ್ನು ನೋಡಿ ಅಳುತ್ತದೆ. ಪುಗೊಂಗ್ ಸರ್ ಗೋಡೆಯಾಚೆಯಿಂದ, "ಮ್ಯಾಮ್, ನಿಮ್ಮ ಏಳನೇ ಕ್ಲಾಸಿನವ್ರಿಗೆ ಸ್ವಲ್ಪ ಸುಮ್ನಿರಕ್ಕೆ ಹೇಳಿ!" ಎಂದು ಕೂಗುತ್ತಾರೆ.

ನಗುವ ಸುದ್ದಿ ಇಷ್ಟೇ. ಜಿಲ್ಲಾ ಶಿಕ್ಷಣ ಕಚೇರಿಯಿಂದ ಕಾಗದ ಬಂದಿದೆ. ಹಾಜರಿ ಕಡಿಮೆ ಎಂದು ಮುಂದಿನ ಜೂನ್‌ನಿಂದ ನಮ್ಮ ಐದು, ಆರನೇ ತರಗತಿ ಮುಚ್ಚಿ ಹೊಳೆಯಾಚೆಯ ಶಾಲೆಗೆ ಸೇರಿಸುತ್ತಾರಂತೆ. ಆಚೆಗೆ ಎರಡು ಗಂಟೆ ದಾರಿ, ಅದರಲ್ಲೊಂದು ತೂಗುಸೇತುವೆ. ಹೆಣ್ಣುಮಕ್ಕಳಲ್ಲಿ ಒಬ್ಬಳೂ ಹೋಗುವುದಿಲ್ಲ, ನನಗೆ ಗೊತ್ತು. ಕಾಗದದಲ್ಲಿ ಕಾರಣ ಬರೆದಿದ್ದಾರೆ: "ಈ ಭಾಗದ ಪೋಷಕರಿಗೆ ಶಿಕ್ಷಣದಲ್ಲಿ ಆಸಕ್ತಿಯಿಲ್ಲವೆಂದು ಸಂಶೋಧನೆಯಿಂದ ತಿಳಿದುಬಂದಿದೆ." ಯಾವುದೋ ವರದಿ ಇರಬೇಕು.

ಕ್ಲಾರಿಸಾ ನನಗೆ ಟೈಪ್ ಮಾಡುವುದನ್ನು ಕಲಿಸುತ್ತಿದ್ದಾಳೆ. ಶಾಲೆ ಬಿಟ್ಟ ಮೇಲೆ ಇಬ್ಬರೂ ಕೂತು ಬರೆಯುತ್ತೇವೆ.

ರುಫಿನಾ


ಬಾಗಿಯೋ
20 ಸೆಪ್ಟೆಂಬರ್ 1996

ಮನಾಂಗ್ ರುಫಿನಾ,

ನಿನ್ನ ಕಾಗದ ಬಂತು. ತರಗತಿ ಮುಚ್ಚುವ ವಿಷಯ ಕೇಳಿ ಬೇಸರವಾಯಿತು. ಇಂಥ ತೀರ್ಮಾನಗಳ ಹಿಂದೆ ಹಲವು ಅಂಶಗಳಿರುತ್ತವೆ. ಒಂದು ವರದಿಯಿಂದ ಆಗುವುದಲ್ಲ.

"ಇಬ್ಬರೂ ಕೂತು ಬರೆಯುತ್ತೇವೆ" ಎಂದಿದ್ದೀಯ. ಏನು ಬರೆಯುತ್ತೀರಿ? ನಮ್ಮಿಬ್ಬರ ಸ್ನೇಹ ಶುರುವಾಗಿ ಹತ್ತೊಂಬತ್ತು ವರ್ಷ. ಜೊತೆಗೆ ಕೂತು ಏನಾದರೂ ಬರೆಯೋಣ ಬಾ ಎಂದು ನನ್ನನ್ನು ಒಮ್ಮೆಯಾದರೂ ಕರೆದಿದ್ದೀಯಾ? ಆ ಹುಡುಗಿಗೆ ಬೇಕಾದ್ದು ನಿನ್ನ ಹಾಜರಿ ಪುಸ್ತಕ. ಅದನ್ನು ನೀನು ತಟ್ಟೆಯಲ್ಲಿಟ್ಟು ಕೊಟ್ಟಿದ್ದೀಯ ಎಂದು ನನ್ನ ಮನಸ್ಸು ಹೇಳುತ್ತಿದೆ. ಅವಳು ಟೈಪ್ ಮಾಡಲು ಕಲಿಸುತ್ತಿಲ್ಲ, ನಿನ್ನಿಂದ ಟೈಪ್ ಮಾಡಿಸಿಕೊಳ್ಳುತ್ತಿದ್ದಾಳೆ.

ಅವಳೂ ನಿನ್ನನ್ನು ಮನಾಂಗ್ ಎಂದೇ ಕರೆಯುತ್ತಾಳಾ?

ಎಸ್ತೆಲಾ


ಬಾಗಿಯೋ
11 ನವೆಂಬರ್ 1996

ಮಾನ್ಯ ಸಂಪಾದಕರಿಗೆ,

ತಮ್ಮ ಸಂಶೋಧನಾ ಪತ್ರಿಕೆಗೆ ಬಂದ, ಲೇಖಕರ ಹೆಸರು ಮರೆಮಾಡಿ ತಾವು ನನ್ನ ಪರಿಶೀಲನೆಗೆ ಕಳಿಸಿದ ಲೇಖನವನ್ನು ಓದಿದ್ದೇನೆ. ಒಂದು ಗುಡ್ಡಗಾಡು ಶಾಲೆಯ ಹಿರಿಯ ಹೆಣ್ಣುಮಕ್ಕಳು ಗುರುವಾರಗಳಂದು ಗೈರಾಗುವುದು, ಎಳೆಗೂಸುಗಳನ್ನು ಕರೆತರಲು ಬಿಟ್ಟ ಮೇಲೆ ಅವರು ಶಾಲೆಗೆ ಬರತೊಡಗಿದ್ದು, ಇದು ವಿಷಯ. "ಶಿಕ್ಷಕಿ" ಎಂಬೊಬ್ಬರ ಹನ್ನೊಂದು ವರ್ಷದ ಹಾಜರಿ ಪುಸ್ತಕವೇ ಆಧಾರ.

ಲೇಖಕರು ಹೊರಗಿನಿಂದ ಬಂದು ಊರಿನ ಆತಿಥ್ಯಕ್ಕೆ ಮನಸೋತ ಕಿರಿಯರಿರಬೇಕು. ಒಂದೇ ಶಾಲೆ, ನಲವತ್ತಮೂರು ಮಕ್ಕಳು. ಇದು ಸಂಶೋಧನೆಯಲ್ಲ, ಅತಿಥಿಯ ದಿನಚರಿ. ಇದೇ ಕಣಿವೆಯ ಮುನ್ನೂರ ಅರವತ್ತು ಮನೆಗಳ ಸಮೀಕ್ಷೆಯಿಂದ ಪೋಷಕರ ನಿರಾಸಕ್ತಿಯೇ ಗೈರುಹಾಜರಿಗೆ ಕಾರಣವೆಂದು ಈಗಾಗಲೇ ಸಾಬೀತಾಗಿದೆ. ಅದನ್ನು ಎರಡು ಚಾಪೆಗಳಿಂದ ಅಲ್ಲಗಳೆಯಲಾಗದು. ಗ್ರಾಮೀಣ ಶಿಕ್ಷಣದ ಅಧ್ಯಯನಕ್ಕೆ ಈ ಲೇಖನದ ಕೊಡುಗೆ ಏನೆಂದು ನಾಲ್ಕು ಸಲ ಓದಿದರೂ ನನಗೆ ತಿಳಿಯಲಿಲ್ಲ.

ಪ್ರಕಟಣೆಗೆ ಅರ್ಹವಲ್ಲ. ಲೇಖಕರ ಪರಿಚಯ ನನಗಿಲ್ಲವೆಂದು ದೃಢೀಕರಿಸುತ್ತೇನೆ.

ತಮ್ಮ ವಿಶ್ವಾಸಿ
ಎಸ್ತೆಲಾ ಗುಮಾಂಗನ್


ಬಾಗಿಯೋ
30 ನವೆಂಬರ್ 1996

ಪ್ರೀತಿಯ ಮನಾಂಗ್,

ಹೋದ ಪತ್ರ ಒರಟಾಗಿತ್ತು. ಕ್ರಿಸ್‌ಮಸ್ ಹತ್ತಿರ ಬಂತು, ಸಿಟ್ಟು ಬೇಡ. ಇದರ ಜೊತೆ ಒಂದು ಉಣ್ಣೆಯ ಸ್ವೆಟರ್, ಎರಡು ಬಾಟಲಿ ಸ್ಟ್ರಾಬೆರಿ ಜಾಮ್, ಮಕ್ಕಳಿಗೆ ಬಣ್ಣದ ಪೆನ್ಸಿಲ್ ಕಳಿಸಿದ್ದೇನೆ. ಸ್ವೆಟರ್ ನಿನಗೇ. ಬೇರೆ ಯಾರಿಗೂ ಕೊಡಬೇಡ.

ನಿನ್ನ ಅತಿಥಿಯ ಮುಖ ಇನ್ನು ಕೆಲವು ದಿನ ಸಣ್ಣಗಾಗಿರಬಹುದು. ನಮ್ಮ ಕ್ಷೇತ್ರದಲ್ಲಿ ಮೊದಲ ಪ್ರಯತ್ನಕ್ಕೇ ಯಾರೂ ಹಾರ ಹಾಕುವುದಿಲ್ಲ. ಒಂದು ಲೋಟ ಬಿಸಿ ಕಾಫಿ ಕೊಟ್ಟು ಸಮಾಧಾನ ಮಾಡು. ಕಲಿಯುತ್ತಾಳೆ.

ಮುಂದಿನ ಬೇಸಿಗೆಯಲ್ಲಿ ನಾವಿಬ್ಬರೂ ಸೇರಿ ನಿನ್ನ ಹಾಜರಿ ಪುಸ್ತಕದ ಮೇಲೆ ಏನಾದರೂ ಬರೆಯಬಹುದು ಅನ್ನಿಸುತ್ತದೆ. ವಿಧಾನ ನನ್ನದು, ಮಾಹಿತಿ ನಿನ್ನದು. ಏನಂತೀಯ?

ನಿನ್ನ ತಂಗಿ
ಎಸ್ತೆಲಾ


ಹಿನಾಲಾಂಗ್
5 ಜನವರಿ 1997

ಎಸ್ತೆಲಾ,

ಸ್ವೆಟರ್ ಸರಿಯಾಗಿದೆ. ಪೆನ್ಸಿಲ್ಲುಗಳನ್ನು ಮಕ್ಕಳಿಗೆ ಹಂಚಿದೆ.

ಕ್ಲಾರಿಸಾಳ ಮುಖ ಸಣ್ಣಗಾಗಿಲ್ಲ. ಅವಳು ಇಲ್ಲಿನ ಮಕ್ಕಳ ಆಟಗಳ ಬಗ್ಗೆ ಬರೆಯುತ್ತಿದ್ದಾಳೆ, ಇನ್ನೂ ಎಲ್ಲಿಗೂ ಏನೂ ಕಳಿಸಿಲ್ಲ. ಸಣ್ಣಗಾದದ್ದು ನನ್ನ ಮುಖ.

ಲೇಖನ ಬರೆದವಳು ನಾನು. ಹನ್ನೊಂದು ವರ್ಷದ ಹಾಜರಿಯನ್ನು ವಾರದ ದಿನಗಳ ಪ್ರಕಾರ ಎಣಿಸಿದವಳು ನಾನು. ಎಣಿಸಿದಾಗ ಗುರುವಾರದ ಸಾಲು ಮಾತ್ರ ಹುಳ ತಿಂದ ಎಲೆಯ ಹಾಗೆ ಕಂಡಿತು. ಕ್ಲಾರಿಸಾ ಹೇಳಿಕೊಟ್ಟದ್ದು ಎರಡೇ: ಟೈಪ್ ಮಾಡುವುದು ಹೇಗೆ, ಮತ್ತು "ನಾನು" ಎಂದು ಬರೆಯದೆ "ಶಿಕ್ಷಕಿ" ಎಂದು ಬರೆಯಬೇಕು ಎನ್ನುವುದು. ಅವಳ ಹೆಸರನ್ನೂ ಸೇರಿಸುತ್ತೇನೆಂದರೆ ಕೈಮುಗಿದು ಬೇಡವೆಂದಳು.

ತೀರ್ಪುಗಾರರ ಮಾತು ಹೆಸರಿಲ್ಲದೆ ನನಗೆ ಬಂದಿದೆ. ಒಂದು ಸಾಲು ಹೀಗಿದೆ: "ಇದು ಸಂಶೋಧನೆಯಲ್ಲ, ಅತಿಥಿಯ ದಿನಚರಿ." ನಾನು ಹುಟ್ಟಿದ್ದು ಈ ಊರಿನಲ್ಲಿ, ಎಸ್ತೆಲಾ. ನನ್ನ ತಾಯಿಯನ್ನು ಹೂತದ್ದು ಇಲ್ಲೇ. ನಾನು ಯಾರ ಮನೆಯ ಅತಿಥಿ?

ಮಾರ್ಚ್ 14ಕ್ಕೆ ಕಚೇರಿಯವರು ಶಾಲೆಗೇ ಬಂದು ಊರಿನವರ ಅಹವಾಲು ಕೇಳುತ್ತಾರೆ. ಅಚ್ಚಾದ ಲೇಖನವಿದ್ದರೆ ಅವರ ವರದಿಯ ಪಕ್ಕದಲ್ಲಿ ಇಡಬಹುದು ಎಂದುಕೊಂಡಿದ್ದೆ. ಈಗ ನನ್ನ ಕೈಯಲ್ಲಿರುವುದು ಹಾಜರಿ ಪುಸ್ತಕ ಒಂದೇ.

ಕೊನೆಯದಾಗಿ ಒಂದು ಪ್ರಶ್ನೆ. ಲೇಖನ ವಾಪಸ್ಸಾದ ಸುದ್ದಿ ನನಗೆ ತಲುಪಿದ್ದು ಡಿಸೆಂಬರ್ 18ಕ್ಕೆ. ಈ ಮನೆಯಲ್ಲಿ ಯಾರದೋ ಮುಖ ಸಣ್ಣಗಾಗುತ್ತದೆ ಎಂದು ನಿನಗೆ ನವೆಂಬರ್‌ನಲ್ಲೇ ಹೇಗೆ ಗೊತ್ತಾಯಿತು?

ರುಫಿನಾ


ಹಿನಾಲಾಂಗ್
9 ಫೆಬ್ರವರಿ 1997

ಎಸ್ತೆಲಾ,

ಒಂದು ತಿಂಗಳಾಯಿತು. ರಸ್ತೆ ಚೆನ್ನಾಗಿದೆ, ಜೀಪು ದಿನಾ ಬರುತ್ತಿದೆ. ಟಪಾಲು ಬರುವ ಅಂಗಡಿಯ ಲಿಯೊನ್ಸಾ, "ಬಾಗಿಯೋ ತಂಗಿ ಕಾಗ್ದ ಬಂದಿಲ್ಲ ಮ್ಯಾಮ್, ಮದ್ವೆ ಗಿದ್ವೆ ಆಗ್ಬಿಟ್ರಾ?" ಎಂದು ಕೇಳುತ್ತಾಳೆ. ನಾನು ನಕ್ಕು ಬರುತ್ತೇನೆ.

ರುಫಿನಾ


ಬಾಗಿಯೋ
27 ಫೆಬ್ರವರಿ 1997

ಮನಾಂಗ್,

ಆ ತೀರ್ಪುಗಾರ್ತಿ ನಾನೇ. ನಿನಗೆ ಜನವರಿಯಲ್ಲೇ ಗೊತ್ತಾಗಿದೆ. ಆದರೂ ನನ್ನ ಕೈಯಿಂದಲೇ ಬರೆಯಬೇಕು.

ಅದು ಕ್ಲಾರಿಸಾಳದೆಂದು ತಿಳಿದು ಬರೆದೆ. ಇದು ಸಮರ್ಥನೆಯಲ್ಲ, ಇನ್ನೊಂದು ತಪ್ಪು ಅಷ್ಟೇ. ಮೊದಲ ಪುಟದಲ್ಲೇ ಹಿನಾಲಾಂಗ್ ಎಂದು ಗುರುತು ಹಿಡಿದೆ. ಆಗಲೇ ಸಂಪಾದಕರಿಗೆ ವಾಪಸ್ಸು ಮಾಡಬೇಕಿತ್ತು. ಮಾಡಲಿಲ್ಲ. ಅವಳು ನಿನ್ನ ಒಲೆಯ ಮುಂದೆ ಕೂತದ್ದು, ಅಜ್ಜಿಯ ಗೆಣಸು ತಿಂದದ್ದು, ನೀನು ಅವಳ ಬಗ್ಗೆ ಬರೆಯುವಾಗ ನಿನ್ನ ಅಕ್ಷರವೇ ದುಂಡಗಾಗುತ್ತಿದ್ದದ್ದು, ಎಲ್ಲ ನನ್ನೊಳಗೆ ಉರಿಯುತ್ತಿತ್ತು. ಲೇಖನ ಚೆನ್ನಾಗಿತ್ತು, ಅಕ್ಕಾ. ಚೆನ್ನಾಗಿದ್ದುದರಿಂದಲೇ ಆ ಉರಿ ಹೆಚ್ಚಾಯಿತು. ನಾಲ್ಕು ಸಲ ಓದಿದ್ದು ಸುಳ್ಳಲ್ಲ. ಪ್ರತಿ ಸಲವೂ, ಇದು ನನಗೇಕೆ ಹೊಳೆಯಲಿಲ್ಲ ಎಂದು ಕೇಳಿಕೊಂಡೆ.

ಏಕೆ ಹೊಳೆಯಲಿಲ್ಲ ಎನ್ನುವುದಕ್ಕೆ ಉತ್ತರ ಈ ತಿಂಗಳು ಸಿಕ್ಕಿತು. ನನ್ನ ಹಳೆಯ ಪ್ರಶ್ನಾವಳಿಗಳ ಪೆಟ್ಟಿಗೆ ತೆಗೆದೆ. ಆ ವರ್ಷ ನನಗೆ ಬುಧವಾರದವರೆಗೆ ಪಾಠ ಇರುತ್ತಿತ್ತು. ಅದು ಮುಗಿಸಿ ಬಸ್ಸು ಹತ್ತಿದರೆ ನಿಮ್ಮೂರು ಸೇರುತ್ತಿದ್ದದ್ದು ಗುರುವಾರ. ಶುಕ್ರವಾರ ಮೊದಲ ಜೀಪಿಗೆ ಹೊರಟುಬಿಡುತ್ತಿದ್ದೆ. ಎರಡು ಸಲವೂ ಹಾಗೆಯೇ. ನಾನು ಎಣಿಸಿದ್ದು ಎರಡು ಗುರುವಾರಗಳ ಖಾಲಿ ಬೆಂಚುಗಳನ್ನು. ನಾನು ತಟ್ಟಿದ್ದು ಸಂತೆಗೆ ಹೋದವರ ಬಾಗಿಲುಗಳನ್ನು. ಹಿನಾಲಾಂಗ್‌ನ ಇಪ್ಪತ್ತಾರು ಹಾಳೆಗಳಲ್ಲಿ ಹದಿನೇಳರ ಮೇಲೆ "ಮನೆ ಮುಚ್ಚಿದೆ" ಎಂದು ನನ್ನದೇ ಅಕ್ಷರವಿದೆ. ಅದರ ಕೆಳಗೆ "ಆಸಕ್ತಿಯಿಲ್ಲ" ಎಂಬ ಚೌಕದಲ್ಲಿ ನನ್ನದೇ ಗುರುತು. ಉಳಿದ ಹದಿಮೂರು ಊರುಗಳ ಹಾಳೆಗಳನ್ನೂ ನೋಡುತ್ತಿದ್ದೇನೆ. ಇದೇ ಕಥೆ.

ಮೂರು ಕಾಗದ ಬರೆದಿದ್ದೇನೆ. ಸಂಪಾದಕರಿಗೆ: ಲೇಖಕರ ಬಗ್ಗೆ ನಾನು ಹೇಳಿದ್ದು ಸುಳ್ಳು, ನನ್ನ ತೀರ್ಪನ್ನು ರದ್ದು ಮಾಡಿ ಬೇರೆಯವರಿಗೆ ಕಳಿಸಿ. ಜಿಲ್ಲಾ ಕಚೇರಿಗೆ: ನೀವು ನಂಬಿದ ವರದಿ ತಪ್ಪು, ಬರೆದವಳೇ ಹೇಳುತ್ತಿದ್ದೇನೆ. ಅದರ ಪ್ರತಿ ಸಹಿಯೊಂದಿಗೆ ಇದರ ಜೊತೆಗಿದೆ. ಹದಿನೇಳು ಹಾಳೆಗಳೂ ಇವೆ. ಮೂರನೆಯದು ಬಡ್ತಿ ಸಮಿತಿಗೆ. ಅವರು ನಿನ್ನೆ ಕಡತ ವಾಪಸ್ಸು ಕಳಿಸಿದರು. ವಿಭಾಗದ ಮುಖ್ಯಸ್ಥರು, "ಯಾರೂ ಕೇಳಿರಲಿಲ್ವಲ್ಲಮ್ಮಾ, ನೀವಾಗೇ ಯಾಕೆ ಹೇಳಕ್ಕೆ ಹೋದ್ರಿ?" ಎಂದರು. ಕಡತ ಎತ್ತಿಕೊಂಡು ಬಂದೆ.

14ಕ್ಕೆ ಬರಲೇ ಎಂದು ಕೇಳುವ ಧೈರ್ಯವಿಲ್ಲ.

ಎಸ್ತೆಲಾ


ಹಿನಾಲಾಂಗ್
23 ಮಾರ್ಚ್ 1997

ಎಸ್ತೆಲಾ,

ಸಭೆ ಮುಗಿಯಿತು. ನಡೆದದ್ದು ನಿನಗೆ ಗೊತ್ತಾಗಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಕಚೇರಿಯಿಂದ ಮೂವರು ಬಂದಿದ್ದರು. ಊರಿಗೆ ಊರೇ ಬೆಂಚುಗಳ ಮೇಲೆ ಮಕ್ಕಳ ಹಾಗೆ ಮೊಣಕಾಲು ಮಡಚಿ ಕೂತಿತ್ತು. ನಾನು ಹಾಜರಿ ಪುಸ್ತಕ ಇಟ್ಟೆ. ದೊಡ್ಡ ಅಧಿಕಾರಿ ಪುಟ ತಿರುವಿ, "ಮ್ಯಾಮ್, ನಿಮ್ಮ ಶ್ರದ್ಧೆ ಕಾಣುತ್ತೆ. ಆದ್ರೆ ವಿಶ್ವವಿದ್ಯಾಲಯದವರ ವರದಿ ಬೇರೇನೇ ಹೇಳುತ್ತಲ್ಲ?" ಎಂದರು. ಆಗ ನಿನ್ನ ಕಾಗದ ಇಟ್ಟೆ. ನಿನ್ನ ಮೂಲ ಕಾಗದ ಅವರ ಫೈಲಿನಲ್ಲೇ ಇತ್ತು, ಓದಿರಲಿಲ್ಲ. ಈಗ ಗಟ್ಟಿಯಾಗಿ ಓದಿದರು. ಹದಿನೇಳು ಹಾಳೆಗಳ ವಿಷಯ ಬಂದಾಗ ಅವರ ದನಿ ತಗ್ಗಿತು.

ಮಾರ್ಸೆಲಾಳ ತಾಯಿ ಜೊವಿತಾ ಎದ್ದು ನಿಂತಳು. ಸಭೆಗಳಲ್ಲಿ ಅವಳು ಬಾಯಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ. "ಸರ್, ಅದ್ರಲ್ಲೊಂದು ಮನೆ ನಮ್ದು. ಬಾಗ್ಲು ಹಾಕಿತ್ತು ಅಂತ ಆಸಕ್ತಿ ಇಲ್ಲ ಅಂತ ಬರ್ದ್ರಂತೆ. ಬಾಗ್ಲು ಯಾಕ್ ಹಾಕಿತ್ತು? ದೊಡ್ಡ ಮಗಳ ನೋಟ್‌ಬುಕ್ಕಿಗೆ ಅಂತ ಬೀನ್ಸ್ ಹೊತ್ಕೊಂಡು ಸಂತೆಗೆ ಹೋಗಿದ್ದೆ. ಇನ್ನೊಂದಿನ ಬಂದು ಕೇಳಿದ್ರೆ ಹೇಳ್ತಿದ್ದೆ." ಕೂತಳು. ಬುಗಾನ್ ಅಜ್ಜಿ, "ಹೇಳಾಯ್ತಲ್ಲ, ಸಾಕು ಬಿಡು, ಅಳ್ಬೇಡ" ಎಂದು ಅವಳ ಕೈ ಹಿಡಿದುಕೊಂಡಳು.

ಐದು, ಆರನೇ ತರಗತಿ ಇನ್ನೆರಡು ವರ್ಷ ಇಲ್ಲೇ ಇರುತ್ತವೆ. ಆಮೇಲೆ ಮತ್ತೆ ನೋಡುತ್ತಾರಂತೆ. ಉಳಿದ ಹದಿಮೂರು ಶಾಲೆಗಳ ಹಾಜರಿಯನ್ನೂ ವಾರದ ದಿನಗಳ ಪ್ರಕಾರ ಎಣಿಸಲು ಆದೇಶ ಬಂದಿದೆ. ಹೇಗೆ ಎಣಿಸಬೇಕೆಂದು ಮೇಷ್ಟ್ರುಗಳಿಗೆ ಹೇಳಿಕೊಡುವ ಕೆಲಸ ನನ್ನದು.

ಇನ್ನು ನಮ್ಮಿಬ್ಬರ ವಿಷಯ. ನನ್ನಲ್ಲೂ ಒಂದು ಬಚ್ಚಿಟ್ಟ ಮಾತಿದೆ. ಕಚೇರಿಯ ಕಾಗದ ಬಂದ ದಿನವೇ ಆ ವರದಿ ನಿನ್ನದೆಂದು ನನಗೆ ಗೊತ್ತಿತ್ತು. "ಯಾವುದೋ ವರದಿ" ಎಂದು ಬರೆದು, ನೀನು ಬಾಯಿ ಬಿಡುತ್ತೀಯಾ ಎಂದು ಕಾದೆ. ನಿನಗೊಂದು ಸಾಲು ಬರೆದು, "ನಿನ್ನ ಲೆಕ್ಕ ತಪ್ಪಾಗಿದೆ ಕಣೇ, ಬಾ, ಸರಿಮಾಡೋಣ" ಎನ್ನಬಹುದಿತ್ತು. ಎನ್ನಲಿಲ್ಲ. ಹಾಸ್ಟೆಲಿನಲ್ಲಿ ನನ್ನ ಅಂಕ ನಿನಗಿಂತ ಹೆಚ್ಚಿತ್ತು. ಅಪ್ಪ ಹಾಸಿಗೆ ಹಿಡಿದರು, ನಾನು ಊರಿಗೆ ಬಂದೆ, ನೀನು ಮುಂದೆ ಓದಿದೆ. ನಿನ್ನ ಪ್ರತಿ ಪತ್ರದಲ್ಲಿ ಸಮಿತಿ, ಕೋಷ್ಟಕ, ಬಡ್ತಿ ಎಂದು ಓದುವಾಗ ನಾನು ಎಷ್ಟು ಸಲ ಕಾಗದ ಮಡಚಿಟ್ಟು ಗದ್ದೆಗೆ ಹೋಗಿದ್ದೇನೋ. ಲೇಖನದ ವಿಷಯ ನಿನಗೆ ಹೇಳದೆ ಇದ್ದದ್ದು ಸಂತೋಷದ ಅಚ್ಚರಿ ಕೊಡಲು ಅಲ್ಲ. ನೀನು ಒಂದು ದಿನ ಆ ಪತ್ರಿಕೆ ತೆರೆಯಬೇಕು, ನಿನ್ನ ವರದಿಯನ್ನು ಉರುಳಿಸಿದವಳ ಹೆಸರು ನೋಡಬೇಕು, ಆ ಒಂದು ಗಳಿಗೆ ನಿನ್ನ ಹೊಟ್ಟೆ ಉರಿಯಬೇಕು ಎಂದು ನನಗೆ ಆಸೆಯಿತ್ತು. ನನ್ನ ಆಸೆ ನೆರವೇರುವಷ್ಟರಲ್ಲಿ ಮಕ್ಕಳ ತರಗತಿ ಹೋಗುತ್ತಿತ್ತು.

ನೀನು ಮಾಡಿದ್ದು ನನ್ನದಕ್ಕಿಂತ ದೊಡ್ಡ ತಪ್ಪು. ಅದನ್ನು ಕಡಿಮೆ ಮಾಡಿ ಹೇಳಲಾರೆ. ಆದರೆ ಆ ಮೂರು ಕಾಗದಗಳನ್ನು ನಾನಾಗಿದ್ದರೆ ಬರೆಯುತ್ತಿದ್ದೆನೇ? ಗೊತ್ತಿಲ್ಲ.

ಸಂಪಾದಕರು ಹೊಸ ತೀರ್ಪು ಪಡೆದು ಲೇಖನ ಹಾಕಲು ಒಪ್ಪಿದ್ದಾರೆ. ನಾನು ಅವರಿಗೊಂದು ಕೋರಿಕೆ ಬರೆದೆ. ಅದೇ ಸಂಚಿಕೆಯಲ್ಲಿ, ಮುಚ್ಚಿದ ಬಾಗಿಲುಗಳ ಮೇಲೆ ಹೇಗೆ ಗುರುತು ಹಾಕಿದೆ ಎಂದು ನೀನೂ ಬರೆಯಬೇಕು. ನಾನು ಹನ್ನೊಂದು ವರ್ಷ ಕೂತು ಕಂಡದ್ದನ್ನು ಯಾವ ಮೇಷ್ಟ್ರಾದರೂ ಕಾಣಬಹುದು. ಆದರೆ ಓದಿದವರು ತಾವು ಕಾಣದೆ ಹೋದದ್ದನ್ನು ಬರೆದದ್ದು ನಾನು ಎಲ್ಲೂ ಓದಿಲ್ಲ. ಅದನ್ನು ಬರೆಯಬಲ್ಲವಳು ನೀನೊಬ್ಬಳೇ. ಸಂಪಾದಕರು ಒಪ್ಪಿದ್ದಾರೆ. ಮೇ ತಿಂಗಳೊಳಗೆ ಕಳಿಸು.

ಒಂದು ಷರತ್ತು. ನನ್ನ ಲೇಖನ ಮೊದಲು ಬರಬೇಕು, ನಿನ್ನದು ಅದರ ಹಿಂದೆ. ಇಷ್ಟು ಹೊಟ್ಟೆಕಿಚ್ಚು ನನಗೆ ಇನ್ನೂ ಉಳಿದಿದೆ, ಸಹಿಸಿಕೋ.

ಮನಾಂಗ್ ರುಫಿನಾ